ಮಗ್ಗುಲು ಬದಲಿಸುವ ಕೆಲಸ

(ಬೆಂಗಳೂರಿನ ಬಸವನಗುಡಿಯಲ್ಲಿ ಓದುಗರ ಬಳಗವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತನಾಡಿದವರು ನಗರದ ಆಸ್ಪತ್ರೆಗಳಲ್ಲಿ 24 ವರ್ಷ ವಾರ್ಡ್ ಸಹಾಯಕಿಯಾಗಿ ದುಡಿದು, ಈಗ ಹೊಸಬರಿಗೆ ಆ ಕೆಲಸ ಕಲಿಸುತ್ತಿದ್ದಾರೆ.)

24 ವರ್ಷಗಳಲ್ಲಿ ನನ್ನ ಕೆಲಸಕ್ಕೆ ಐದು ಹೆಸರು ಬಂದವು. ಸೇರಿದಾಗ ಆಯಾ. ಆಮೇಲೆ ವಾರ್ಡ್ ಅಟೆಂಡರ್. ಇನ್ನೊಂದು ಕಡೆ ಹೋದಾಗ ನರ್ಸಿಂಗ್ ಏಡ್ ಅಂದರು. 2012ರಲ್ಲಿ ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಅಂತ ಒಂದು ಸಂಸ್ಥೆ ಹುಟ್ಟಿಕೊಂಡಿತು. ಅವರ ಪಠ್ಯದಲ್ಲಿ ನಮ್ಮ ಹೆಸರು ಜನರಲ್ ಡ್ಯೂಟಿ ಅಸಿಸ್ಟೆಂಟ್, ಅಂದರೆ ಜಿಡಿಎ. ಕಡೆಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಪೇಷೆಂಟ್ ಕೇರ್ ಅಸೋಸಿಯೇಟ್ ಅಂತ ಬ್ಯಾಡ್ಜ್ ಕೊಟ್ಟರು. ಹೆಸರು ಬದಲಾದಾಗಲೆಲ್ಲ ಸಮವಸ್ತ್ರದ ಬಣ್ಣವೂ ಬದಲಾಯಿತು. ಕೈಯಲ್ಲಿದ್ದ ಬೆಡ್ ಪ್ಯಾನ್ ಮಾತ್ರ ಅದೇ. ರೋಗಿಗಳೂ ಮೊದಲ ದಿನದಿಂದ ಕೊನೆಯ ದಿನದವರೆಗೆ "ಆಯಮ್ಮಾ" ಅಂತಲೇ ಕರೆದರು. ಎಂಬತ್ತು ವರ್ಷದ ಅಜ್ಜಿಗೆ, "ಆಯಮ್ಮ ಅನ್ನಬೇಡಿ, ಅಸೋಸಿಯೇಟ್ ಅನ್ನಿ" ಅಂತ ಹೇಳೋಕಾಗುತ್ತದೆಯೇ?

ಆಸ್ಪತ್ರೆ ಸಹಾಯಕರು ಏನೇನು ಮಾಡುತ್ತಾರೆ ಅಂತ ಮಾತಾಡಿ ಎಂದು ಕೇಳಿದ್ದೀರಿ. ಏನು ಮಾಡುವಂತಿಲ್ಲ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಇಂಜೆಕ್ಷನ್ ಮುಟ್ಟುವಂತಿಲ್ಲ. ಮಾತ್ರೆ ಕೊಡುವಂತಿಲ್ಲ. ಡ್ರಿಪ್ ನಿಂತುಹೋಗಿದ್ದರೂ ಅದರ ಚಕ್ರ ತಿರುಗಿಸುವಂತಿಲ್ಲ, ಸಿಸ್ಟರನ್ನು ಕರೆಯಬೇಕು. ರಿಪೋರ್ಟಿನಲ್ಲಿ ಏನಿದೆ ಅಂತ ಗೊತ್ತಿದ್ದರೂ ಮನೆಯವರಿಗೆ ಹೇಳುವಂತಿಲ್ಲ. ಈ ಗೆರೆಗಳೆಲ್ಲ ಸರಿಯಾಗಿಯೇ ಇವೆ, ನನ್ನ ತಕರಾರಿಲ್ಲ. ನಾನು ಕೆಲಸ ಮಾಡಿದ ಕಡೆಗಳಲ್ಲಿ ಇನ್ನೊಂದು ಗೆರೆಯೂ ಇತ್ತು: ಫೈಲಿನಲ್ಲಿ ಬರೆಯುವಂತಿಲ್ಲ. ರೋಗಿಯ ಮೈಯನ್ನು ದಿನದಲ್ಲಿ ಅತಿ ಹೆಚ್ಚು ಹೊತ್ತು ನೋಡುವವಳು, ಮುಟ್ಟುವವಳು ನಾನು. ಡಾಕ್ಟರು ರೌಂಡ್ಸಿನಲ್ಲಿ ಒಂದು ಬೆಡ್ ಹತ್ತಿರ ಐದು ನಿಮಿಷ ನಿಂತರೆ ಹೆಚ್ಚು. ಸಿಸ್ಟರಿಗೆ ಔಷಧಿ, ಚಾರ್ಟು, ಕಂಪ್ಯೂಟರು, ಫೋನು. ಒರೆಸುವುದು, ತಿರುಗಿಸುವುದು, ತಿನ್ನಿಸುವುದು, ಎತ್ತಿ ಕೂರಿಸುವುದು ನಮ್ಮ ಪಾಲಿಗೆ. ಹಾಗಾಗಿ ಏನಾದರೂ ಹೊಸದಾಗಿ ಕಂಡರೆ ಮೊದಲು ಕಾಣುವುದು ನಮಗೆ. ಕಂಡದ್ದನ್ನು ಬರೆಯೋಕಾಗಲ್ಲ, ಬಾಯಲ್ಲಿ ಹೇಳಬೇಕು. ಹೇಳಿದ್ದನ್ನು ಯಾರಾದರೂ ಕೇಳಿಸಿಕೊಳ್ಳಬೇಕು. ನಾನು ಹೊಸ ಹುಡುಗಿಯರಿಗೆ ಮೂರು ತಿಂಗಳು ಕಲಿಸುವುದರಲ್ಲಿ ಅರ್ಧ ಇದೇ.

ಇದನ್ನು ಮಗ್ಗುಲು ಬದಲಿಸುವ ಕೆಲಸದಿಂದಲೇ ಹೇಳಬೇಕು.

ನೀವೆಲ್ಲ ಇಲ್ಲಿ ಕೂತು ಇಪ್ಪತ್ತು ನಿಮಿಷ ಆಗಿರಬಹುದು. ಅಷ್ಟರಲ್ಲಿ ಎಷ್ಟು ಸಲ ಅಲುಗಾಡಿದಿರಿ ಅಂತ ನಿಮಗೇ ಗೊತ್ತಿರುವುದಿಲ್ಲ. ಕುರ್ಚಿ ಒತ್ತಿದ ಕಡೆ ರಕ್ತ ಓಡಾಡುವುದು ಕಡಿಮೆಯಾಗಿ ಮೈ ತಾನಾಗಿ ಸರಿದುಕೊಳ್ಳುತ್ತದೆ. ನಿದ್ದೆಯಲ್ಲೂ ಹಾಗೆಯೇ ಹೊರಳುತ್ತೇವೆ. ಲಕ್ವ ಹೊಡೆದವರು, ಪ್ರಜ್ಞೆ ಇಲ್ಲದವರು, ಸೊಂಟದ ಮೂಳೆ ಮುರಿದವರು ಹಾಗೆ ಸರಿಯಲಾರರು. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮ, ಮಾಂಸ ರಕ್ತವಿಲ್ಲದೆ ಸಾಯಲು ಶುರುವಾಗುತ್ತದೆ. ಅದೇ ಬೆಡ್ ಸೋರ್. ಬೆನ್ನಿನ ಕೆಳಗೆ ಸೊಂಟದ ಮೂಳೆಯ ಹತ್ತಿರ, ಹಿಮ್ಮಡಿ, ಸೊಂಟದ ಪಕ್ಕದ ಮೂಳೆ, ಮೊಣಕೈ, ತಲೆಯ ಹಿಂಭಾಗ, ಆಕ್ಸಿಜನ್ ನಳಿಗೆ ಒತ್ತುವ ಕಿವಿಯ ಮೇಲ್ಭಾಗ, ಇಲ್ಲೆಲ್ಲ ಆಗುತ್ತದೆ. ಅದಕ್ಕೇ ಎರಡು ಗಂಟೆಗೊಮ್ಮೆ ಎಡ, ಬೆನ್ನು, ಬಲ ಅಂತ ತಿರುಗಿಸುವುದು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಪಕ್ಕದ ಮೂಳೆಯ ಮೇಲೇ ಭಾರ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ವಾಲಿಸಿದರೆ ಸಾಕು. ಹಿಮ್ಮಡಿಗೆ ದಿಂಬು ಇಡಬಾರದು, ಮೀನಖಂಡದ ಕೆಳಗಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಬೇಕು. ರೋಗಿಯನ್ನು ಎಳೆಯಬಾರದು, ಎಳೆದರೆ ಚರ್ಮ ಒಂದು ಕಡೆ, ಒಳಗಿನ ಮಾಂಸ ಒಂದು ಕಡೆ ಹೋಗಿ ಒಳಗೇ ಹರಿಯುತ್ತದೆ. ಕೆಳಗೆ ಅಡ್ಡ ಹಾಸಿದ ಬಟ್ಟೆಯನ್ನು ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ಎತ್ತಿ ಸರಿಸಬೇಕು.

ಏರ್ ಬೆಡ್ ತಂದಿದ್ದೇವಲ್ಲ, ಇನ್ನೇಕೆ ತಿರುಗಿಸಬೇಕು ಅಂತ ಮನೆಯವರು ಕೇಳುತ್ತಾರೆ. ಏರ್ ಬೆಡ್ ಇದ್ದರೂ ತಿರುಗಿಸಬೇಕು. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವವರೂ ಇದ್ದಾರೆ. ತಿಕ್ಕಬೇಡಿ, ಆಗಲೇ ನೊಂದಿರುವ ಮಾಂಸ ಅದು. ನಡುವೆ ತೂತಿರುವ ರಬ್ಬರ್ ಚಕ್ರದ ಮೇಲೆ ಕೂರಿಸುವುದೂ ಒಳ್ಳೆಯದಲ್ಲ, ಅದು ಸುತ್ತ ಒತ್ತಿ ನಡುವಿನ ಜಾಗಕ್ಕೆ ರಕ್ತ ಹೋಗದಂತೆ ಮಾಡುತ್ತದೆ.

ಈಗ ಆ ಕೆಂಪಿನ ವಿಷಯ. ಪುಸ್ತಕದಲ್ಲಿ, ಟ್ರೇನಿಂಗಿನ ಪಟದಲ್ಲಿ ಬೆಡ್ ಸೋರಿನ ಮೊದಲ ಗುರುತು ಕೆಂಪು ಕಲೆ. ಬೆರಳಲ್ಲಿ ಒತ್ತಿದರೆ ಬಿಳುಚಿಕೊಂಡು ಮತ್ತೆ ಕೆಂಪಾಗಬೇಕು. ಒತ್ತಿದರೂ ಹಾಗೇ ಕೆಂಪಗೆ ಉಳಿದರೆ ಅಪಾಯ. ಪಟದಲ್ಲಿರುವವರೆಲ್ಲ ಬೆಳ್ಳಗಿನ ಮೈಯವರು. ನಮ್ಮ ವಾರ್ಡಿಗೆ ಬರುವ ರೈತ, ಗಾರೆ ಕೆಲಸದವನು, ಆಟೋ ಓಡಿಸುವವನು, ಇವರ ಬೆನ್ನಿನ ಮೇಲೆ ಎಲ್ಲಿಂದ ಕೆಂಪು ಹುಡುಕೋದು? ನನಗೆ ಕೆಲಸ ಕಲಿಸಿದ ಹಿರಿಯ ಆಯಮ್ಮನಿಗೆ ಓದು ಬರುತ್ತಿರಲಿಲ್ಲ. ನಾನು ಬಗ್ಗಿ ಬಗ್ಗಿ ನೋಡುವುದನ್ನು ಕಂಡು, "ನೋಡ್ತಾ ಏನ್ ನಿಂತ್ಕೊಂಡೆ, ಮುಟ್ಟೇ" ಅಂದಿದ್ದರು. ಕೈಯ ಹಿಂಬದಿಯನ್ನು ಆ ಜಾಗಕ್ಕೆ ಇಟ್ಟು, ಆಮೇಲೆ ಪಕ್ಕದ ಜಾಗಕ್ಕೆ ಇಡಬೇಕು. ಅಲ್ಲಿ ಬಿಸಿ ಹೆಚ್ಚಿದೆಯೇ, ಗಟ್ಟಿಯಾಗಿದೆಯೇ ಅಥವಾ ಮೆತ್ತಗೆ ಹಣ್ಣಾದಂತಿದೆಯೇ, ಬಣ್ಣ ಸುತ್ತಲಿನ ಚರ್ಮಕ್ಕಿಂತ ಒಂದು ಪಾಲು ಕಪ್ಪಾಗಿದೆಯೇ. ಈಗ ದೊಡ್ಡ ದೊಡ್ಡ ತರಬೇತಿಗಳಲ್ಲಿ ಕಪ್ಪು ಚರ್ಮದವರಿಗೆ ಹೀಗೇ ಪರೀಕ್ಷೆ ಮಾಡಿ ಅಂತ ಹೇಳಿಕೊಡುತ್ತಾರೆ. ಆ ತಾಯಿ ಹೇಳಿಕೊಟ್ಟದ್ದನ್ನು ಮಾತ್ರ ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಆಸ್ಪತ್ರೆಯ ಹೆಸರು ಬೇಡ. ಒಂದು ರಾತ್ರಿ ಜೊತೆಯವಳು ಬರಲಿಲ್ಲ, ಎರಡು ಜನ ನೋಡಬೇಕಾದ ಮೂವತ್ತು ಬೆಡ್ ನನ್ನೊಬ್ಬಳ ತಲೆಗೆ ಬಂತು. ಮೂಳೆ ಆಪರೇಷನ್ ಆದ ಒಬ್ಬ ಹಿರಿಯರನ್ನು ಹತ್ತಕ್ಕೆ, ಹನ್ನೆರಡಕ್ಕೆ ತಿರುಗಿಸಿದೆ. ಎರಡಕ್ಕೆ, ನಾಲ್ಕಕ್ಕೆ ಆಗಲಿಲ್ಲ. ಬೆಳಿಗ್ಗೆ ಸಿಸ್ಟರ್ ಚಾರ್ಟ್ ತುಂಬುತ್ತಾ, "ಎಲ್ಲಾ ಟೈಮಿಗೂ ತಿರುಗಿಸಿದ್ರಾ?" ಅಂತ ಕೇಳಿದರು. "ಹೂಂ ಸಿಸ್ಟರ್" ಅಂದುಬಿಟ್ಟೆ. ಅವರು ನಾಲ್ಕು ಸಹಿ ಹಾಕಿದರು. ಆರೂವರೆಗೆ ಮೈ ಒರೆಸುವಾಗ ಹಿಮ್ಮಡಿಯಲ್ಲಿ ಎಂಟಾಣೆ ಅಗಲದ ಕಪ್ಪು. ಒತ್ತಿದೆ, ಹಾಗೇ ಇತ್ತು. ಬಿಸಿಯೂ ಇತ್ತು. ಹೇಳಲೋ ಬೇಡವೋ ಅಂತ ಹತ್ತು ನಿಮಿಷ ಬಕೆಟ್ ಹಿಡಿದು ನಿಂತಿದ್ದೆ. ಹೇಳಿದರೆ ನನ್ನ ಕೆಲಸಕ್ಕೆ ಕುತ್ತು, ಸಿಸ್ಟರ್ ಸಹಿ ಸುಳ್ಳಾಗುತ್ತದೆ. ಹೇಳದಿದ್ದರೆ ಡೇ ಡ್ಯೂಟಿಯವರಿಗೆ ಗೊತ್ತೇ ಆಗುವುದಿಲ್ಲ, ಮಧ್ಯಾಹ್ನದೊಳಗೆ ಗುಳ್ಳೆ ಏಳುತ್ತದೆ. ಹೇಳಿದೆ. ಇನ್‌ಚಾರ್ಜ್ ಸಿಸ್ಟರ್ ಎಲ್ಲರ ಮುಂದೆ ಬೈದರು. ಬೈದು ಮುಗಿಸಿ ತಾವೇ ಬಂದು ಕಾಲ ಕೆಳಗೆ ದಿಂಬು ಜೋಡಿಸಿದರು. ಆ ಗಾಯ ಬಾಯಿ ಬಿಡಲಿಲ್ಲ, ಕೆಲವು ದಿನಕ್ಕೆ ತಿಳಿಯಾಯಿತು. ಸಂಜೆಯಿಂದಲೇ ರಾತ್ರಿಯದ್ದನ್ನೆಲ್ಲ ತುಂಬಿಟ್ಟ ಚಾರ್ಟುಗಳನ್ನೂ ನಾನು ನೋಡಿದ್ದೇನೆ. ಕಾಗದದ ಮೇಲೆ ರೋಗಿ ಎರಡು ಗಂಟೆಗೊಮ್ಮೆ ಹೊರಳುತ್ತಲೇ ಇರುತ್ತಾನೆ. ನಿಮ್ಮವರು ಆಸ್ಪತ್ರೆಯಲ್ಲಿದ್ದರೆ ಚಾರ್ಟ್ ನೋಡುವುದಕ್ಕಿಂತ ಹಿಮ್ಮಡಿ ಮುಟ್ಟಿ ನೋಡಿ.

ಸ್ನಾನದ ಮಾತಿಗೆ ಬರುತ್ತೇನೆ. ಬೆಡ್ಡಿನ ಮೇಲೆಯೇ ಒರೆಸುವ ಸ್ಪಾಂಜ್ ಬಾತಿಗೆ ಒಂದು ಕ್ರಮ ಇದೆ. ಮೊದಲು ಕಣ್ಣು, ಬರೀ ನೀರಿನಲ್ಲಿ, ಮೂಗಿನ ಕಡೆಯಿಂದ ಹೊರಗಿನ ತುದಿಗೆ, ಒಂದೊಂದು ಕಣ್ಣಿಗೆ ಬಟ್ಟೆಯ ಬೇರೆ ಬೇರೆ ಭಾಗ. ಆಮೇಲೆ ಮುಖ, ಕೈ, ಎದೆ, ಕಾಲು, ಬೆನ್ನು. ಮರ್ಮಾಂಗ ಕೊನೆಗೆ, ಅಷ್ಟರಲ್ಲಿ ನೀರು ಬದಲಾಗಿರಬೇಕು. ಒರೆಸುವ ಭಾಗ ಮಾತ್ರ ತೆರೆದಿರಬೇಕು, ಉಳಿದದ್ದು ಹೊದಿಕೆಯ ಕೆಳಗೆ. ಇದು ಪುಸ್ತಕದ್ದು. ಪುಸ್ತಕದಲ್ಲಿ ಇಲ್ಲದ್ದು ನಾಚಿಕೆ. ಹೆಂಡತಿಗೂ ಬೆನ್ನು ತೋರಿಸದ ಮೇಷ್ಟರೊಬ್ಬರು ಇದ್ದರು. ಬ್ರದರ್, ಅಂದರೆ ಗಂಡು ನರ್ಸ್, ಅವತ್ತು ರಜೆ. ನಾನು ಹೋದರೆ ಕಣ್ಣು ಮುಚ್ಚಿ, ಮುಷ್ಟಿ ಕಟ್ಟಿ ಮಲಗಿಬಿಟ್ಟರು. "ಸಾರ್, ನಿಮ್ಮ ಕೈಗೇ ಬಟ್ಟೆ ಕೊಡ್ತೀನಿ, ಪರದೆ ಆಚೆ ನಿಂತಿರ್ತೀನಿ, ಆಗದೇ ಇದ್ದದ್ದು ಮಾತ್ರ ಕರೀರಿ" ಅಂದೆ. ಬಲಗೈ ಚೆನ್ನಾಗಿತ್ತು ಅವರಿಗೆ. ಮುಕ್ಕಾಲು ಪಾಲು ತಾವೇ ಒರೆಸಿಕೊಂಡರು. ನಲವತ್ತು ನಿಮಿಷ ಹಿಡಿಯಿತು, ನನ್ನ ಉಳಿದ ಕೆಲಸ ಎಲ್ಲ ಏರುಪೇರಾಯಿತು ಅನ್ನಿ. ಮಾರನೇ ದಿನ, "ಬೆನ್ನಿಗೆ ಬೇಕಾದ್ರೆ ನೀವೇ ಬನ್ನಿ" ಅಂದರು.

ಅಂಗಿ ಹಾಕುವುದಕ್ಕೂ ಒಂದು ಯುಕ್ತಿ ಇದೆ, ಇದನ್ನು ಮನೆಯಲ್ಲಿ ಲಕ್ವ ಆದವರಿರುವವರು ನೆನಪಿಟ್ಟುಕೊಳ್ಳಿ. ಹಾಕುವಾಗ ಸ್ವಾಧೀನ ಇಲ್ಲದ ಕೈಗೆ ಮೊದಲು, ತೆಗೆಯುವಾಗ ಆ ಕೈಯಿಂದ ಕೊನೆಗೆ. ಸೋತ ಕೈಯನ್ನು ಹಿಡಿದು ಎಳೆದು ಎಬ್ಬಿಸಲೇಬಾರದು, ಭುಜದ ಕೀಲು ಜಾರುತ್ತದೆ. ಮಲಗಿದ್ದವರನ್ನು ಒಮ್ಮೆಗೇ ನಿಲ್ಲಿಸಬೇಡಿ. ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಿಸಿ, ತಲೆ ಸುತ್ತುತ್ತದೆಯೇ ಕೇಳಿ, ಆಮೇಲೆ ನಿಲ್ಲಿಸಿ. ವೀಲ್‌ಚೇರನ್ನು ಗಟ್ಟಿ ಇರುವ ಕಡೆಗೆ ಇಟ್ಟು ಬ್ರೇಕ್ ಹಾಕಿ. ಬ್ರೇಕ್ ಮರೆತು ಜಾರಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅವರಲ್ಲಿ ಇಬ್ಬರು ಸಹಾಯಕರೇ.

ಸ್ಕ್ಯಾನಿಗೆ ಕಳಿಸುವ ಮುಂಚೆ ಒಡವೆ ಬಿಚ್ಚಿಸುವುದೂ ನಮ್ಮ ಕೆಲಸ. ಎಂಆರ್‌ಐ ಕೋಣೆಗೆ ಲೋಹ ಹೋಗುವಂತಿಲ್ಲ. ಮಾಗಡಿ ಕಡೆಯ ಒಬ್ಬ ತಾಯಿ ಬಳೆ ಬಿಚ್ಚಿದರು, ಓಲೆ ಬಿಚ್ಚಿದರು, ಕಾಲುಂಗುರಕ್ಕೆ ಸೋಪು ಹಚ್ಚಿ ತೆಗೆದೆವು. ತಾಳಿಗೆ ಕೈ ಹಾಕಿದ ಕೂಡಲೇ ಅಳು. "ಅವ್ರು ಹೊರಗೆ ಕೂತವ್ರೆ, ಬದುಕವ್ರೆ" ಅಂತ. ಟೆಕ್ನಿಷಿಯನ್ ಹುಡುಗ ಗಡಿಯಾರ ನೋಡುತ್ತಿದ್ದ. ನಾನು ಕ್ಯಾಂಟೀನಿನ ಅಡುಗೆಯವರ ಹತ್ತಿರ ಒಂದು ಅರಿಶಿನದ ಕೊಂಬು ಇಸಕೊಂಡು ಬಂದೆ. ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿದ ಮೇಲೆ ತಾವೇ ತಾಳಿ ಬಿಚ್ಚಿ ಗಂಡನ ಕೈಗೆ ಕೊಟ್ಟು ಬಂದರು. ಈಗ ನನ್ನ ಹುಡುಗಿಯರ ಲಾಕರಿನಲ್ಲಿ ಅರಿಶಿನದ ಕೊಂಬು, ದಾರದ ಉಂಡೆ ಇರುತ್ತದೆ. ಯಾವ ಜಿಡಿಎ ಪಠ್ಯದಲ್ಲೂ ಅದಿಲ್ಲ.

ಬೆಂಗಳೂರಿನ ವಾರ್ಡಿನಲ್ಲಿ ಇನ್ನೊಂದು ಕೆಲಸ ನಮ್ಮ ಮೇಲೆ ಬೀಳುತ್ತದೆ, ಅದಕ್ಕೆ ಸಂಬಳದ ಚೀಟಿಯಲ್ಲಿ ಹೆಸರಿಲ್ಲ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಸಿಸ್ಟರ್ ಕೇರಳದವರೋ ಈಶಾನ್ಯದವರೋ ಆಗಿರುತ್ತಾರೆ, ಬಂದು ಮೂರು ತಿಂಗಳಾಗಿರುತ್ತದೆ. ರೋಗಿ ಕನಕಪುರದವರು, ಇಲ್ಲವೇ ರಾಯಚೂರಿನವರು. ಒಬ್ಬ ಸಿಸ್ಟರ್ ಪಾಪ ಕಷ್ಟಪಟ್ಟು ಕನ್ನಡ ಕಲಿತು, "ಅಜ್ಜಾ, ಮೋಷನ್ ಪಾಸ್ ಆಯ್ತಾ?" ಅಂತ ಕೇಳಿದರು. ಅಜ್ಜ, "ಪಾಸೋ ಫೇಲೋ ನಂಗೇನವ್ವ ಗೊತ್ತು, ಇಸ್ಕೂಲಿಗೇ ಹೋದೋನಲ್ಲ" ಅಂದರು. "ಎರಡಕ್ಕೆ ಹೋದ್ರಾ ಅಂತ ಕೇಳ್ತಾವ್ರೆ ತಾತ" ಅಂತ ನಾನು ಅಂದೆ. ಮೂರು ದಿನದಿಂದ ಆಗಿರಲಿಲ್ಲ, ಆವರೆಗೆ ಯಾರಿಗೂ ಹೇಳಿರಲಿಲ್ಲ. ನಗುವ ಮಾತೇ, ಆದರೆ ಆಪರೇಷನ್ ಆದ ಹೊಟ್ಟೆಗೆ ಮೂರು ದಿನ ನಗುವ ಮಾತಲ್ಲ.

'ಸಂಕಟ' ಅನ್ನುವ ಪದ ನೋಡಿ. ನೀವು ಓದುವ ಕನ್ನಡದಲ್ಲಿ ಸಂಕಟ ಅಂದರೆ ದುಃಖ, ಕಷ್ಟ. ನಮ್ಮ ಕಡೆಯ ಹೆಂಗಸರಿಗೆ ಅದು ಮೈಯೊಳಗಿನದ್ದು. ಹೊಟ್ಟೆ ತೊಳಸುವುದೂ ಸಂಕಟ, ಎದೆ ಹಿಂಡುವುದೂ ಸಂಕಟ, ಉಸಿರು ಸಿಗದೆ ಒದ್ದಾಡುವುದೂ ಸಂಕಟ. ಬೆಳಗಿನ ಜಾವ ಮೂರಕ್ಕೆ ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು "ಸಂಕಟ, ಸಂಕಟ" ಅಂತ ಹೊರಳುತ್ತಿದ್ದರು. ಮಗಳು ನೆನಪಾಗಿ ದುಃಖ ಮಾಡಿಕೊಂಡಿದ್ದಾರೆ ಅಂತ ಹೊಸ ಸಿಸ್ಟರ್ ತಿಳಿದು ಸಮಾಧಾನ ಹೇಳಿ ಹೋದರು. ನಾನು ರವಿಕೆ ಒದ್ದೆಯಾಗಿದೆ ಅಂತ ಬದಲಿಸಲು ಹೋದೆ. ಬೆವರು ತಣ್ಣಗಿತ್ತು. ಹಣೆ, ಕತ್ತು, ಅಂಗೈ ಎಲ್ಲ ತಣ್ಣಗೆ. "ಎದೆ ನೋವಾ ಅಜ್ಜಿ?" ಅಂದರೆ "ನೋವಿಲ್ಲ ಕಣವ್ವ, ಸಂಕಟ" ಅಂತಾರೆ. ಸಕ್ಕರೆ ಕಾಯಿಲೆಯವರಿಗೆ ಹೃದಯಾಘಾತ ಆದಾಗ ಕೆಲವೊಮ್ಮೆ ನೋವೇ ಬರುವುದಿಲ್ಲ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ತಣ್ಣನೆಯ ಬೆವರು ಒಳ್ಳೆಯದಲ್ಲ ಅಂತ ಅಷ್ಟೇ. ಸಿಸ್ಟರ್ ಹತ್ತಿರ ಹೋಗಿ "ಅಜ್ಜಿಗೆ ಹುಷಾರಿಲ್ಲ" ಅಂತ ಹೇಳಿದ್ದರೆ, ಆಸ್ಪತ್ರೆಯಲ್ಲಿ ಯಾರಿಗೆ ಹುಷಾರಿದೆ ಅಂತ ಅವರು ಕೇಳಬಹುದಿತ್ತು. "13ನೇ ಬೆಡ್, ಈಗ ಹತ್ತು ನಿಮಿಷದಿಂದ, ಮೈ ತಣ್ಣಗೆ, ಬೆವರು, ಇಸಿಜಿ ಮಾಡಿಸ್ತೀರಾ" ಅಂದೆ. ಇಸಿಜಿ ತೆಗೆದರು. ಆಮೇಲೆ ಐಸಿಯುಗೆ ಟ್ರಾಲಿ ತಳ್ಳಿದ್ದೂ ನಾನೇ.

ಫೈಲಿನಲ್ಲಿ ಬರೆದದ್ದು "3.20ಕ್ಕೆ ರೋಗಿ ಬೆವರುತ್ತಿರುವುದು ಗಮನಕ್ಕೆ ಬಂತು" ಎಂಬ ಅರ್ಥದ ಒಂದು ಸಾಲು. ಯಾರ ಗಮನಕ್ಕೆ ಬಂತು ಅಂತ ಇರಲಿಲ್ಲ. ನನಗೆ ಶಭಾಷ್ ಬೇಕು ಅಂತ ಹೇಳುತ್ತಿಲ್ಲ. ಆ ಸಾಲಿನಲ್ಲಿ ಹೇಳಿದವರ ಹೆಸರಿದ್ದರೆ, ಮಾರನೇ ದಿನ ಇನ್ನೊಬ್ಬ ಸಹಾಯಕಿ ಹೇಳಲು ಬಂದಾಗ ಸಿಸ್ಟರ್ ತಲೆ ಎತ್ತಿ ಕೇಳುತ್ತಾರೆ.

ಇನ್ನು ಲೆಕ್ಕದ ಕೆಲಸ. ಕುಡಿದದ್ದೆಷ್ಟು, ಹೋದದ್ದೆಷ್ಟು. ಕ್ಯಾತಿಟರ್, ಅಂದರೆ ಮೂತ್ರದ ನಳಿಗೆ ಹಾಕಿದ್ದರೆ, ಮೂತ್ರ ತುಂಬುವ ಯೂರೋ ಬ್ಯಾಗಿನಿಂದ ಅಳತೆ ಜಾಡಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಬಣ್ಣವನ್ನೂ ಸೇರಿಸಿ ಸಿಸ್ಟರಿಗೆ ಹೇಳುವುದು. ಒಂದು ಕೆಜಿ ತೂಕಕ್ಕೆ ಗಂಟೆಗೆ ಅರ್ಧ ಎಂಎಲ್ ಅಂತ ಅಂದಾಜು, ಅಂದರೆ 60 ಕೆಜಿ ಇರುವವರಿಗೆ ಗಂಟೆಗೆ 30 ಎಂಎಲ್ ಆದರೂ ಬರಬೇಕು. ಅದಕ್ಕಿಂತ ಕಡಿಮೆಯಾಗುತ್ತ ಹೋದರೆ ಡಾಕ್ಟರಿಗೆ ಗೊತ್ತಾಗಬೇಕು. ಇಲ್ಲಿ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಆಯಮ್ಮನಿಗೆ ಯಾಕೆ ತೊಂದರೆ ಅಂತ ನೀವೇ ಬ್ಯಾಗ್ ಖಾಲಿ ಮಾಡಿ ಬಾತ್‌ರೂಮಿಗೆ ಸುರಿದುಬಿಡುತ್ತೀರಿ. ಒಳ್ಳೆಯ ಮನಸ್ಸೇ, ಆದರೆ ಆ ಎರಡು ಗಂಟೆಯ ಲೆಕ್ಕ ಹೋಯಿತು. ಬ್ಯಾಗನ್ನು ಹಾಸಿಗೆ ಮೇಲೆ ಇಡಬೇಡಿ, ಮೂತ್ರ ವಾಪಸ್ ಹರಿಯುತ್ತದೆ, ನೆಲಕ್ಕೂ ತಾಗಬಾರದು. ಎಳನೀರು ತರುತ್ತೀರಿ, ದಿಂಬಿನ ಪಕ್ಕ ಬಚ್ಚಿಟ್ಟು ಕುಡಿಸುತ್ತೀರಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ಸೋತವರಿಗೆ ಅದು ಹೃದಯದ ಬಡಿತವನ್ನೇ ಕೆಡಿಸಬಹುದು. ತಂಪು ಅಂತ ಕೊಟ್ಟದ್ದು ಹಾಗಾಗುತ್ತದೆ ಅಂತ ಯಾರು ಅಂದುಕೊಳ್ಳುತ್ತಾರೆ? ಕುಡಿಸುವ ಮುಂಚೆ ಒಂದು ಮಾತು ಕೇಳಿ, ಕುಡಿಸಿಬಿಟ್ಟಿದ್ದರೆ ಬಚ್ಚಿಡದೆ ಹೇಳಿ.

ಕಸದ ಬಣ್ಣಗಳನ್ನು ನೀವು ನೋಡಿರುತ್ತೀರಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ರಕ್ತದ ಹತ್ತಿ, ಬ್ಯಾಂಡೇಜು ಹಳದಿಗೆ; ಟ್ಯೂಬು, ಡ್ರಿಪ್ ಬಾಟಲಿ, ಗ್ಲೌಸು ಕೆಂಪಿಗೆ; ಗಾಜಿನ ಸೀಸೆ ನೀಲಿಗೆ; ಸೂಜಿ, ಬ್ಲೇಡು ತೂತಾಗದ ಬಿಳಿ ಡಬ್ಬಿಗೆ. ಬಾಳೆಹಣ್ಣಿನ ಸಿಪ್ಪೆಯನ್ನು ಹಳದಿಗೆ ಎಸೆಯಬೇಡಿ ಅನ್ನುವುದಷ್ಟೇ ನಿಮಗೆ ಸಂಬಂಧಪಟ್ಟದ್ದು. ನಮಗೆ ಸಂಬಂಧಪಟ್ಟದ್ದು ಸೂಜಿ. ನಾವು ಸೂಜಿ ಮುಟ್ಟುವಂತಿಲ್ಲ ಅಂದೆನಲ್ಲ, ಸೂಜಿ ನಮ್ಮನ್ನು ಮುಟ್ಟುತ್ತದೆ. ಯಾರೋ ಮರೆತು ಹಾಸಿಗೆ ಬಟ್ಟೆಯಲ್ಲಿ ಬಿಟ್ಟಿರುತ್ತಾರೆ, ನಾವು ಬಟ್ಟೆಯನ್ನು ಮುದುಡಿ ಎದೆಗೆ ಅಪ್ಪಿಕೊಂಡು ಒಯ್ಯುತ್ತೇವೆ. ಹೆಪಟೈಟಿಸ್ ಬಿ ಇರುವವರ ರಕ್ತದ ಸೂಜಿ ಚುಚ್ಚಿದರೆ, ಲಸಿಕೆ ಹಾಕಿಸಿಕೊಳ್ಳದವರಲ್ಲಿ 100ಕ್ಕೆ 30 ಜನರವರೆಗೂ ಸೋಂಕು ತಗಲಬಹುದು. ಎಚ್‌ಐವಿಯಾದರೆ 1000ಕ್ಕೆ ಸುಮಾರು 3. ಜನ ಎಚ್‌ಐವಿಗೆ ಹೆದರುತ್ತಾರೆ, ಹೆದರಬೇಕಾದದ್ದು ಮೊದಲನೆಯದಕ್ಕೆ. ಅದಕ್ಕೆ ಮೂರು ಡೋಸ್ ಲಸಿಕೆ ಇದೆ. ಎಚ್‌ಐವಿಗೆ 72 ಗಂಟೆಯೊಳಗೆ, ಆದಷ್ಟೂ ಕೂಡಲೇ ಮಾತ್ರೆ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ಇಲ್ಲಿಯೂ ಮತ್ತೆ ಬಾಯಿಬಿಟ್ಟು ಹೇಳುವುದರದ್ದೇ ಪ್ರಶ್ನೆ. ಚುಚ್ಚಿಸಿಕೊಂಡ ಹುಡುಗಿ ಬೈಸಿಕೊಳ್ಳಬೇಕಾಗುತ್ತದೆ ಅಂತ ಬೆರಳು ತೊಳೆದು ಸುಮ್ಮನಾಗುತ್ತಾಳೆ. ನಮ್ಮನ್ನು ಆಸ್ಪತ್ರೆಗೆ ಕಳಿಸುವ ಏಜೆನ್ಸಿಯವರನ್ನು ಕೇಳಿದರೆ ಲಸಿಕೆ ಆಸ್ಪತ್ರೆ ಹಾಕಿಸಬೇಕು ಅನ್ನುತ್ತಾರೆ, ಆಸ್ಪತ್ರೆ ಕೇಳಿದರೆ ಏಜೆನ್ಸಿ ಅನ್ನುತ್ತದೆ. ನಾನು ಮೂರೂ ಡೋಸ್ ಕೈಯಿಂದ ದುಡ್ಡು ಕೊಟ್ಟು ಹಾಕಿಸಿಕೊಂಡೆ.

ದುಡ್ಡಿನ ಮಾತು ಬಂತು. ಕೊನೆಯ ಹದಿನಾಲ್ಕು ವರ್ಷ ನಾನು ಏಜೆನ್ಸಿ ಮೂಲಕವೇ ಇದ್ದೆ. ನಾನು ಕೆಲಸ ಬಿಡುವ ಹೊತ್ತಿಗೆ ಇಎಸ್‌ಐ ಅನ್ನುವ ನೌಕರರ ವಿಮೆ ಸಿಗುವ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ನಾನು ಆ ಮಿತಿಯನ್ನು ದಾಟಲೇ ಇಲ್ಲ, ಹಾಗಾಗಿ ಸೊಂಟನೋವಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತಿದ್ದೆ. ನಿಂತಾಗ ಅಲ್ಲಿನ ಆಯಮ್ಮ ನನ್ನ ನಿಲುವು ನೋಡಿಯೇ, "ಯಾವ ಆಸ್ಪತ್ರೆ ಅಕ್ಕ?" ಅಂತ ಕೇಳಿದಳು. ರೋಗಿ ಎತ್ತಿ ಎತ್ತಿ ನಮ್ಮೆಲ್ಲರ ಸೊಂಟ ಒಂದೇ ಕಡೆ ವಾಲಿರುತ್ತದೆ.

ಕೈಗೆ ಕೊಡುವ ದುಡ್ಡಿನ ಬಗ್ಗೆಯೂ ಮರೆಮಾಚದೆ ಹೇಳಿಬಿಡುತ್ತೇನೆ, ನಿಮ್ಮಲ್ಲಿ ಹಲವರು ಕೊಟ್ಟಿರುತ್ತೀರಿ. ಹೆರಿಗೆ ವಾರ್ಡಿನಲ್ಲಿ ಗಂಡು ಮಗು ಆದರೆ ಇಷ್ಟು, ಹೆಣ್ಣಾದರೆ ಇಷ್ಟು ಅಂತ ಕೇಳುವವರಿದ್ದಾರೆ. ಮಗುವನ್ನು ತೋರಿಸಲು, ಟ್ರಾಲಿ ತಳ್ಳಲು, ಬೆಡ್ ಪ್ಯಾನ್ ಇಡಲು ಕೇಳುವವರಿದ್ದಾರೆ. ಸೇರಿದ ಹೊಸದರಲ್ಲಿ ನಾನೂ ತೆಗೆದುಕೊಂಡಿದ್ದೇನೆ. "ಕಾಫಿಗೆ ಇಟ್ಕೊಳ್ಳಿ" ಅಂದರೆ ಕೈ ಚಾಚಿದ್ದೇನೆ. ಸಂಬಳ ಕಡಿಮೆ ಅಂತ ನೆಪ ಹೇಳಿಕೊಳ್ಳುತ್ತಿದ್ದೆ, ಕಡಿಮೆ ಇದ್ದದ್ದು ನಿಜವೇ. ಒಂದು ದಿನ ಮೂರನೇ ಹೆಣ್ಣು ಹೆತ್ತ ಹುಡುಗಿಯೊಬ್ಬಳು, ಗಂಡನ ಮನೆಯವರು ಯಾರೂ ಬಂದಿರಲಿಲ್ಲ, ಸೆರಗಿನ ಗಂಟಿನಿಂದ 20 ರೂಪಾಯಿ ತೆಗೆದು, "ಹೆಣ್ಣಲ್ವಾ ಅಕ್ಕ, ಇಷ್ಟು ಸಾಕಾ?" ಅಂತ ಕೇಳಿದಳು. ಅವಳಿಗೇ ರೇಟು ಗೊತ್ತಿತ್ತು. ಆವತ್ತಿನಿಂದ ನಿಲ್ಲಿಸಿದೆ. ಹಾಗಂತ ತೆಗೆದುಕೊಳ್ಳುವವರನ್ನೆಲ್ಲ ಬೈಯಲು ನನಗೆ ಬಾಯಿ ಬರುವುದಿಲ್ಲ. ನೀವು ಕೊಡಬೇಡಿ ಅಂತ ಮಾತ್ರ ಹೇಳುತ್ತೇನೆ. ನೀವು ಕೊಟ್ಟ ಬೆಡ್ಡಿಗೆ ನಾವು ಬೇಗ ಓಡುತ್ತೇವೆ, ಕೊಡದ ಬೆಡ್ಡು ಕಾಯುತ್ತದೆ.

ಒಂದು ಪಕ್ಕದ ಮಾತು. ರಾತ್ರಿ ಡ್ಯೂಟಿ ಮುಗಿಸಿ ಬಸ್ಸಿಗೆ ಕೆ.ಆರ್. ಮಾರ್ಕೆಟ್ಟಿಗೆ ಬರುತ್ತಿದ್ದೆ. 1900ರಲ್ಲಿ ವೈಸ್‌ರಾಯ್ ಕರ್ಜನ್ ತೆರೆದ ವಿಕ್ಟೋರಿಯಾ ಆಸ್ಪತ್ರೆ ಅಲ್ಲೇ, ಪಕ್ಕದಲ್ಲೇ 1935ರ ವಾಣಿವಿಲಾಸ ಆಸ್ಪತ್ರೆ. ಆ ಹೊತ್ತಿಗೆ ಅಲ್ಲಿಯ ರಾತ್ರಿ ಪಾಳಿಯವರೂ ಹೊರಗೆ ಬರುತ್ತಿರುತ್ತಾರೆ. ಒಬ್ಬರಿಗೊಬ್ಬರು ಪರಿಚಯ ಇಲ್ಲ, ಆದರೂ ಊದಿದ ಕಾಲು, ಪ್ಲಾಸ್ಟಿಕ್ ಬುಟ್ಟಿಯಲ್ಲಿ ಖಾಲಿ ಡಬ್ಬಿ ನೋಡಿದರೆ ಗೊತ್ತಾಗುತ್ತದೆ. ಮಾರ್ಕೆಟ್ಟಿನಲ್ಲಿ ಮಲ್ಲಿಗೆ, ಕನಕಾಂಬರ ಸುರಿದಿರುತ್ತಾರೆ. ರಾತ್ರಿಯೆಲ್ಲ ಫಿನಾಯಿಲು, ಸ್ಪಿರಿಟ್ಟು, ಇನ್ನೇನೇನೋ ಮೂಗಿನಲ್ಲಿ ಕೂತಿದ್ದು ಆ ಮೂಲೆ ತಿರುಗಿದರೆ ಹೋಗುತ್ತದೆ. ಎಷ್ಟೋ ಸಲ ಬಸ್ಸು ಬಂದರೂ ಬಿಟ್ಟು ಅಲ್ಲೇ ಸ್ವಲ್ಪ ಹೊತ್ತು ನಿಂತಿರುತ್ತಿದ್ದೆ.

ಕೊನೆಯದಾಗಿ, ಯಾರೂ ಕೇಳದ ಕೆಲಸ. ರೋಗಿ ತೀರಿಕೊಂಡರು ಅಂತ ಡಾಕ್ಟರು ಹೇಳಿ, ಸಿಸ್ಟರ್ ಬರೆದ ಮೇಲೆ ಉಳಿಯುವುದು ನಾವು. ಮೈ ಸೆಡೆಯಲು ಎರಡು ಮೂರು ಗಂಟೆಯಲ್ಲಿ ಶುರುವಾಗುತ್ತದೆ, ಮೊದಲು ರೆಪ್ಪೆ, ದವಡೆ. ಅಷ್ಟರೊಳಗೆ ಕಣ್ಣು ಮುಚ್ಚಿಸಬೇಕು, ಕಟ್ಟುಹಲ್ಲಿದ್ದರೆ ಹಾಕಿಬಿಡಬೇಕು, ಗಲ್ಲಕ್ಕೆ ಪಟ್ಟಿ ಕಟ್ಟಬೇಕು, ಕೈಕಾಲು ನೇರ ಮಾಡಬೇಕು. ಸಿಸ್ಟರ್ ಟ್ಯೂಬುಗಳನ್ನು ತೆಗೆದ ಮೇಲೆ ಮೈ ಒರೆಸಿ, ಹತ್ತಿ ಇಟ್ಟು, ಹೆಬ್ಬೆರಳು ಜೋಡಿಸಿ ಕಟ್ಟಿ, ಹೆಸರಿನ ಚೀಟಿ ಹಾಕಿ, ಬಿಳಿ ಬಟ್ಟೆ ಸುತ್ತುವುದು. ಇದೇ ನಮ್ಮ ಕೊನೆಯ ಸ್ಪಾಂಜ್ ಬಾತ್. ಕ್ರಮ ಅದೇ, ಮೊದಲು ಕಣ್ಣು, ಮೂಗಿನ ಕಡೆಯಿಂದ ಹೊರಕ್ಕೆ. ಅವರ ಮನೆಯ ಶಾಸ್ತ್ರ ಏನು ಅಂತ ಮೊದಲೇ ಕೇಳಿಕೊಳ್ಳಬೇಕು. ಕೆಲವರು ತಾವೇ ತೊಳೆಯಬೇಕು ಅನ್ನುತ್ತಾರೆ, ಕೆಲವರು ಮುಟ್ಟಲು ಹೆದರುತ್ತಾರೆ.

ನನಗೆ ಕಲಿಸಿದ ಆಯಮ್ಮ ಸತ್ತವರ ಹತ್ತಿರವೂ ಮಾತಾಡುತ್ತಿದ್ದರು. "ಯಜಮಾನ್ರೇ, ಈ ಕಡೆ ತಿರುಗಿಸ್ತೀನಿ, ಆಯ್ತಾ? ಇನ್ನೊಂದ್ ಸಲ." ನನಗೆ ಮೊದಮೊದಲು ಮೈ ಜುಮ್ಮೆನ್ನುತ್ತಿತ್ತು. "ಕೇಳ್ಸತ್ತಾ ಅವ್ರಿಗೆ?" ಅಂದರೆ, "ಹಂಗೇ ಎಳೆದಾಡಿಬಿಡ್ತೀವಿ ಕಣೇ ಮಾತಾಡ್ದೇ ಇದ್ರೆ" ಅಂದರು. ನಾನೂ ಮಾತಾಡುತ್ತೇನೆ, ಹುಡುಗಿಯರಿಗೂ ಹೇಳಿಕೊಟ್ಟಿದ್ದೇನೆ. ಬಟ್ಟೆ ಸುತ್ತಿ, ಟ್ರಾಲಿ ತಳ್ಳಿಕೊಂಡು ಕೆಳಗಿನ ಮಹಡಿಗೆ ಬಿಟ್ಟು, ಕೈ ತೊಳೆದು ಮೇಲೆ ಬರುವ ಹೊತ್ತಿಗೆ ಗಂಟೆ ನಾಲ್ಕಾಗಿರುತ್ತದೆ. ಪಕ್ಕದ ಬೆಡ್ಡಿನವರು ಎರಡು ಗಂಟೆಯಿಂದ ಎಡಕ್ಕೇ ಮಲಗಿದ್ದಾರೆ, ಬಲಕ್ಕೆ ತಿರುಗಿಸಬೇಕು.